ಪಟ್ಟಿಯಲ್ಲಿಲ್ಲದ ನಮ್ಮೂರು

"ನಿಮ್ಮದು ಯಾವೂರು?" ಎಂದು ಯಾರಾದರೂ ಕೇಳಿದರೆ ನಾವು ಒಡನೆ ಉತ್ತರ ಕೊಡುವುದಿಲ್ಲ. ಮೊದಲು ಕೇಳಿದವರ ಮುಖ ನೋಡುತ್ತೇವೆ. ಕೇಳಿದವರು ಮುಂಬಯಿಯ ಮರಾಠಿ ನೆರೆಯವರಾದರೆ "ಮಂಗಳೂರು" ಎನ್ನುತ್ತೇವೆ. ಬೆಂಗಳೂರಿನವರಾದರೆ "ಉಡುಪಿ" ಎನ್ನುತ್ತೇವೆ. ಉಡುಪಿಯವರೇ ಕೇಳಿದರೆ "ಕುಂದಾಪುರದ ಹತ್ತಿರ". ಕುಂದಾಪುರದವರು ಕೇಳಿದರೆ ಹೊಳೆಯಾಚೆಗಿನ ದೇವಸ್ಥಾನದ ಊರಿನ ಹೆಸರು. ಆ ದೇವಸ್ಥಾನದ ಊರಿನವರೇ ಎದುರು ಸಿಕ್ಕಿದರೆ ಮಾತ್ರ "ಹೊನ್ನೆಮಕ್ಕಿ" ಎಂಬ ನಿಜವಾದ ಉತ್ತರ ನಮ್ಮ ಬಾಯಿಂದ ಹೊರಡುತ್ತದೆ. ಮುಂಬಯಿಯಲ್ಲಿ ಕಳೆದ ಇಷ್ಟು ವರ್ಷಗಳಲ್ಲಿ ಅಂಥ ಪ್ರಸಂಗ ಬಂದದ್ದು ಬೆರಳೆಣಿಕೆಯಷ್ಟು ಸಲ.

ಈ ಬಳಗದ ಬಹಳ ಮಂದಿಯದು ಇದೇ ಪಾಡಿರಬೇಕು. ಊರು ಬಿಟ್ಟು ಬಂದವರಿಗೆ ಊರಿನ ಹೆಸರೂ ಪ್ರಯಾಣದ ಸಾಮಾನಿನಂತೆ. ಹೊರಲಾರದ್ದನ್ನು ಒಂದೊಂದಾಗಿ ಇಳಿಸುತ್ತ ಬರುತ್ತೇವೆ. ನಾವೂ ಹಾಗೆ ಒಮ್ಮೆ ಇಳಿಸಿಬಿಟ್ಟೆವು. ಅದರಿಂದ ಆದ ತಪ್ಪು ಏನೆಂದು ತಿಳಿಯಲು ನಮಗೆ ಎಂಟೊಂಬತ್ತು ವರ್ಷ ಹಿಡಿಯಿತು. ಅದನ್ನು ಇಲ್ಲಿ ಹೇಳಿಕೊಳ್ಳಬೇಕೆಂದಿದ್ದೇವೆ. ನಾವು ಎಂದರೆ ಅಣ್ಣ, ತಮ್ಮ, ತಂಗಿ, ಒಂದೇ ಮನೆಯ ಮೂವರು.

2011ರ ಫೆಬ್ರವರಿಯ ಒಂದು ಭಾನುವಾರ. ದೇಶದಲ್ಲೆಲ್ಲ ಜನಗಣತಿ ನಡೆದಿತ್ತು. ಆ ಸಲ ಫೆಬ್ರವರಿ 9ರಿಂದ 28ರವರೆಗೆ ಮನೆಮನೆಗೆ ಹೋಗಿ ಜನರನ್ನು ಎಣಿಸಿದರು. ಲೆಕ್ಕಕ್ಕೆ ಹಿಡಿದ ಗಳಿಗೆ ಮಾರ್ಚ್ 1ರ ನಡುರಾತ್ರಿ. ನಮ್ಮ ಕಟ್ಟಡಕ್ಕೆ ಬಂದವರು ಶಾಲೆಯೊಂದರ ಮರಾಠಿ ಶಿಕ್ಷಕಿ. ನಾಲ್ಕು ಮಾಳಿಗೆ ಹತ್ತಿ ಬಂದಿದ್ದರು. ಕುಡಿಯಲು ನೀರು ಕೇಳಿದರು. ದೊಡ್ಡ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಬ್ಬೊಬ್ಬರದಾಗಿ ಹೆಸರು, ವಯಸ್ಸು, ಓದು, ಉದ್ಯೋಗ ಬರೆದುಕೊಳ್ಳುತ್ತ ಬಂದರು. ಮಾತೃಭಾಷೆಯ ಮುಂದೆ ಕನ್ನಡ ಎಂದು ಬರೆಯುವಾಗ ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಆಮೇಲೆ ಬಂತು ಹುಟ್ಟಿದ ಸ್ಥಳದ ಪ್ರಶ್ನೆ: ಹಳ್ಳಿ ಅಥವಾ ಪಟ್ಟಣದ ಹೆಸರು, ಜಿಲ್ಲೆ, ರಾಜ್ಯ.

ಅಪ್ಪಯ್ಯ ಸ್ವಲ್ಪ ನೆಟ್ಟಗೆ ಕೂತು, "ಹೊನ್ನೆಮಕ್ಕಿ" ಎಂದರು.

ಶಿಕ್ಷಕಿಗೆ ಕೇಳಿಸಲಿಲ್ಲ. ಅಪ್ಪಯ್ಯ ಇನ್ನೊಮ್ಮೆ ಹೇಳಿದರು. ಅವರು ದೇವನಾಗರಿಯಲ್ಲಿ ಬರೆಯಲು ಹೊರಟು ಅರ್ಧಕ್ಕೆ ನಿಂತರು. "ಇದು ಹಳ್ಳಿಯ ಹೆಸರೋ, ಮನೆಯ ಹೆಸರೋ?" ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪಯ್ಯ ವಿವರಿಸಲು ತೊಡಗಿದರು. ಹೊಳೆ, ಗುಡ್ಡೆ, ದೇವಸ್ಥಾನ ಎಲ್ಲ ಒಂದೊಂದಾಗಿ ಬರತೊಡಗಿದವು. ಇನ್ನೂ ಮೂರು ಮಾಳಿಗೆ ಹತ್ತಬೇಕಾಗಿದ್ದ ಆ ತಾಯಿಯ ಮುಖ ನೋಡಿ ನಾವು ಮೂವರೂ ಒಂದೇ ಉಸಿರಿನಲ್ಲಿ, "ಉಡುಪಿ ಎಂದು ಬರೆಯಿರಿ ಬಾಯಿ, ಉಡುಪಿ" ಎಂದುಬಿಟ್ಟೆವು. ಅವರು ಹಾಗೆಯೇ ಬರೆದುಕೊಂಡು ಅಪ್ಪಯ್ಯನ ಸಹಿ ಮಾಡಿಸಿ ಹೋದರು.

ಬಾಗಿಲು ಹಾಕಿದ ಮೇಲೆ ಅಪ್ಪಯ್ಯ ಮೆಲ್ಲಗೆ ಅಂದರು: "ನಾ ಉಡ್ಪಿಯಗೆ ಹುಟ್ಟಿದ್ದಲ್ಲ ಮಕ್ಳೆ."

ನಾವು ನಕ್ಕೆವು. ಅಪ್ಪಯ್ಯ ನಗಲಿಲ್ಲ. ಅಷ್ಟೇ. ಆ ಮಾತು ಮತ್ತೆ ಮನೆಯಲ್ಲಿ ಬರಲಿಲ್ಲ.

2019ರ ಮಳೆಗಾಲದಲ್ಲಿ ಅಪ್ಪಯ್ಯ ತೀರಿಕೊಂಡರು. ಊರಿನಲ್ಲಿ ಅವರ ಹೆಸರಿಗೆ ಸ್ವಲ್ಪ ಗದ್ದೆ, ಹಿತ್ತಿಲು ಇತ್ತು. ಪೌತಿ ಖಾತೆ ಮಾಡಿಸಬೇಕು, ಅದಕ್ಕೆ ಪಹಣಿ ಬೇಕು. ಈಗ ಕರ್ನಾಟಕದ ಪಹಣಿಗಳೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತವೆ. ಮುಂಬಯಿಯಲ್ಲಿ ಕೂತೇ ನೋಡಬಹುದಲ್ಲ ಎಂದು ನಮ್ಮ ಕಿರಿಯವಳ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಡುಕತೊಡಗಿದೆವು. ಜಿಲ್ಲೆ ಕೇಳಿತು, ಉಡುಪಿ ಎಂದೆವು. ತಾಲ್ಲೂಕು ಕೇಳಿತು, ಕುಂದಾಪುರ ಎಂದು ಹುಡುಕಿ ಸಿಗದೆ, ನಮ್ಮ ಭಾಗ 2018ರಿಂದ ಬೈಂದೂರು ತಾಲ್ಲೂಕಿಗೆ ಸೇರಿದೆಯೆಂದು ನೆನಪಾಯಿತು. ಹೋಬಳಿಯನ್ನೂ ಹೇಗೋ ದಾಟಿದೆವು. ಕೊನೆಗೆ ಗ್ರಾಮಗಳ ಪಟ್ಟಿ ತೆರೆಯಿತು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರೂ ಹೊನ್ನೆಮಕ್ಕಿ ಇಲ್ಲ.

"ಮಾಮಾ, ನಮ್ಮ ಊರು ಇಲ್ಲವೇ ಇಲ್ಲ" ಎಂದಳು ಹುಡುಗಿ. ಅವಳಿಗೆ ಅದು ತಮಾಷೆ. ನಮಗೆ ಹಾಗೆನಿಸಲಿಲ್ಲ. ಇಲ್ಲದ ಊರಿಗೆ ಅಜ್ಜಯ್ಯ ತಿಂಗಳು ತಿಂಗಳು ಮನಿಆರ್ಡರ್ ಕಳಿಸಿದ್ದರೆ? ಇಲ್ಲದ ಊರಿನಲ್ಲಿ ನಾವು ಬೇಸಗೆ ರಜೆಗಳನ್ನೆಲ್ಲ ಕಳೆದಿದ್ದೆವೆ? ಅಂಚೆಯವನಿಗೆ ಹೊನ್ನೆಮಕ್ಕಿ ಗೊತ್ತಿತ್ತು. ಬಸ್ಸಿನ ಕಂಡಕ್ಟರನಿಗೆ ಗೊತ್ತಿತ್ತು; ಸೇತುವೆ ದಾಟಿದ ಕೂಡಲೆ "ಯಾರ್ರೀ ಹೊನ್ನೆಮಕ್ಕಿ" ಎಂದು ಕೂಗುತ್ತಿದ್ದ. ಮೀನು ಮಾರುವವಳಿಗೂ ಭಜನೆಯ ತಂಡಕ್ಕೂ ಮದುವೆಯ ದಲ್ಲಾಳಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಪಟ್ಟಿಗೆ ಮಾತ್ರ.

ಆ ರಾತ್ರಿ ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. 2011ರ ಜನಗಣತಿಯ ಜಿಲ್ಲಾ ಕೈಪಿಡಿಯನ್ನು ತೆರೆದಳು. ಪ್ರತಿ ಜಿಲ್ಲೆಗೂ ಅಂಥದೊಂದು ಪುಸ್ತಕ ಇದೆ. ಅದರಲ್ಲಿ ಹಳ್ಳಿ ಹಳ್ಳಿಗೂ ಒಂದು ಸಾಲು: ಎಷ್ಟು ಮನೆ, ಎಷ್ಟು ಗಂಡಸರು, ಎಷ್ಟು ಹೆಂಗಸರು, ಓದಬಲ್ಲವರು ಎಷ್ಟು, ದುಡಿಯುವವರು ಎಷ್ಟು, ಶಾಲೆ, ಆಸ್ಪತ್ರೆ, ಅಂಚೆ, ಬಸ್ಸು ಇವೆಯೋ ಇಲ್ಲವೋ. ಪ್ರತಿ ಹಳ್ಳಿಗೆ ಆರಂಕಿಯ ಒಂದು ಸಂಖ್ಯೆ. ಕರ್ನಾಟಕ ರಾಜ್ಯಕ್ಕೆ 29, ನಾವಿರುವ ಮಹಾರಾಷ್ಟ್ರಕ್ಕೆ 27. ಅಲ್ಲಿಯೂ ಹೊನ್ನೆಮಕ್ಕಿ ಇರಲಿಲ್ಲ. ಹೊಳೆಯಾಚೆಯ ದೇವಸ್ಥಾನದ ಊರು ಇತ್ತು. ಅದರ ಒಂದು ಸಾಲಿನೊಳಗೆ ಹೊನ್ನೆಮಕ್ಕಿಯ ಜನರೆಲ್ಲ ಕರಗಿ ಹೋಗಿದ್ದರು.

ಹೀಗೇಕೆಂದು ನಾವು ಓದಿ, ತಿಳಿದವರನ್ನು ಕೇಳಿ ಅರ್ಥಮಾಡಿಕೊಂಡದ್ದು ಇಷ್ಟು. ಜನಗಣತಿಗೆ ಹಳ್ಳಿ ಎಂದರೆ ಕಂದಾಯ ಗ್ರಾಮ. ಅಂದರೆ ಸರಕಾರದ ಕಂದಾಯದ ಲೆಕ್ಕಕ್ಕಾಗಿ ಗಡಿಕಲ್ಲು ನೆಟ್ಟು, ಸರ್ವೆ ನಂಬರು ಕೊಟ್ಟು ಗೊತ್ತುಪಡಿಸಿದ ನೆಲದ ತುಂಡು. ಅದು ನೆಲದ ಲೆಕ್ಕವೇ ಹೊರತು ಮನೆಗಳ ಗುಂಪಿನ ಲೆಕ್ಕವಲ್ಲ. ಬಯಲುಸೀಮೆಯಲ್ಲಿ ಮನೆಗಳು ಒತ್ತಾಗಿ ಒಂದೆಡೆ ಇದ್ದು ಸುತ್ತ ಹೊಲಗಳಿರುವುದರಿಂದ ಎರಡೂ ಸುಮಾರಾಗಿ ಹೊಂದಿಕೊಳ್ಳುತ್ತವೆ. ನಮ್ಮ ಕರಾವಳಿಯ ಕ್ರಮವೇ ಬೇರೆ. ಅಲ್ಲಿ ಗದ್ದೆಯಿದ್ದಲ್ಲಿ ಮನೆ. ಬೈಲಿನ ಅಂಚಿಗೆ ನಾಲ್ಕು, ಮಜಲಿನಲ್ಲಿ ಮೂರು, ಬೆಟ್ಟಿನ ಮೇಲೆ ಐದು, ಹೊಳೆಯ ನಡುವಿನ ಕುದ್ರುವಿನಲ್ಲಿ ಎರಡು. ಪ್ರತಿಯೊಂದಕ್ಕೂ ಅದರದೇ ಹೆಸರು. ಬೈಲು, ಬೆಟ್ಟು, ಮಕ್ಕಿ, ಕೊಡ್ಲು, ಜೆಡ್ಡು, ಕೋಡಿ, ಹಾಡಿ ಎಂದು ಕೊನೆಗೊಳ್ಳುವ ಆ ಹೆಸರುಗಳನ್ನು ಕೇಳಿದರೆ ಸಾಕು, ನೆಲ ಎತ್ತರವೋ ತಗ್ಗೋ, ನೀರು ನಿಲ್ಲುತ್ತದೋ ಇಲ್ಲವೋ, ಒಂದು ಬೆಳೆಯೋ ಎರಡೋ ಎಂದು ಹೇಳಬಹುದು. ಇಂಥ ಹತ್ತಿಪ್ಪತ್ತು ಹೆಸರುಗಳನ್ನು ಒಟ್ಟುಗೂಡಿಸಿ ಒಂದು ಹೆಸರಿನ ಕೆಳಗೆ ಬರೆದರೆ ಅದು ಗ್ರಾಮ.

ಗಣತಿಗೆ ಬರುವವರು ನಮ್ಮ ಹೊನ್ನೆಮಕ್ಕಿಯನ್ನು ನೋಡದೆ ಬಿಟ್ಟರು ಎಂದಲ್ಲ. ಗ್ರಾಮವನ್ನು ಭಾಗ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಟ್ಟಿರುತ್ತಾರೆ. ಅವರು ಗದ್ದೆಯ ಅಂಚು ಹಿಡಿದು ನಡೆದು ಪ್ರತಿ ಮನೆಗೂ ಹೋಗುತ್ತಾರೆ. ಕೈಯಿಂದ ಒಂದು ನಕ್ಷೆಯನ್ನೂ ಬರೆಯುತ್ತಾರೆ. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ. ಎಣಿಕೆಯಲ್ಲಿ ಒಂದು ಜೀವವೂ ತಪ್ಪದಂತೆ ನೋಡಿಕೊಳ್ಳುವ ಶ್ರಮ ಅದು. ಅದರ ಬಗ್ಗೆ ನಮಗೆ ಗೌರವವಿದೆ. ಆದರೆ ಅಚ್ಚಾಗಿ ಬರುವ ಪಟ್ಟಿಯಲ್ಲಿ ಜನರು ಉಳಿಯುತ್ತಾರೆ, ಜಾಗದ ಹೆಸರು ಉಳಿಯುವುದಿಲ್ಲ.

ಇದು ನಮ್ಮ ಕರಾವಳಿಯ ಸಂಗತಿ ಮಾತ್ರವಲ್ಲ. ಇಂಥ ಉಪಗ್ರಾಮಗಳಿಗೆ ಸರಕಾರಿ ಭಾಷೆಯಲ್ಲಿ ಮಜರೆ ಎನ್ನುತ್ತಾರೆ. ತುಮಕೂರು ಚಿತ್ರದುರ್ಗಗಳ ಕಡೆ ಹಟ್ಟಿ, ಹಳೆ ಮೈಸೂರಿನ ಕಡೆ ಕೊಪ್ಪಲು, ದೊಡ್ಡಿ, ಪಾಳ್ಯ. ಕಾಡಿನ ಅಂಚಿನಲ್ಲಿ ಹಾಡಿ. ಕಲಬುರಗಿ ವಿಜಯಪುರಗಳಲ್ಲಿ ಲಂಬಾಣಿಗರ ತಾಂಡಾ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿಂಧನೂರು ಗಂಗಾವತಿಗಳ ಬಯಲಿನಲ್ಲಿ ಎದ್ದ ಕ್ಯಾಂಪು. ನಮ್ಮ ಮಹಾರಾಷ್ಟ್ರದಲ್ಲಿ ವಾಡಿ, ಪಾಡಾ, ರಾಜಸ್ಥಾನದಲ್ಲಿ ಧಾಣಿ, ಬಿಹಾರದಲ್ಲಿ ಟೋಲಾ. 2011ರ ಗಣತಿಯಲ್ಲಿ ದೇಶದ ಹಳ್ಳಿಗಳು ಸುಮಾರು 6 ಲಕ್ಷ 40 ಸಾವಿರ. ಇವುಗಳ ಹೊಟ್ಟೆಯೊಳಗಿರುವ ಮಜರೆಗಳ ಹೆಸರಿಗೆ ಆ ಪಟ್ಟಿಯಲ್ಲಿ ಸಾಲಿಲ್ಲ.

ಪಟ್ಟಿಯನ್ನು ತಿರುವುತ್ತಿದ್ದಾಗ ಹುಡುಗಿ ಇನ್ನೊಂದು ವಿಚಿತ್ರ ಕಂಡಳು. ಕೆಲವು ಹಳ್ಳಿಗಳ ಮುಂದೆ ಹೆಸರಿದೆ, ಸಂಖ್ಯೆಯಿದೆ, ಎಕರೆಗಟ್ಟಲೆ ವಿಸ್ತೀರ್ಣವೂ ಇದೆ. ಜನಸಂಖ್ಯೆ ಮಾತ್ರ ಇಲ್ಲ. ದೇಶದಲ್ಲಿ ಅಂಥವು 2011ರಲ್ಲಿ ಸುಮಾರು 43 ಸಾವಿರ ಇದ್ದವು. ಪ್ಲೇಗು, ಬರ, ನೀರಿನ ಅಭಾವ, ಅಣೆಕಟ್ಟು, ಏನೇನೋ ಕಾರಣಕ್ಕೆ ಜನ ಬಿಟ್ಟುಹೋದ ಹಳ್ಳಿಗಳು. ಕಂದಾಯದವರು ಇವನ್ನು ಬೇಚಿರಾಕ್ ಗ್ರಾಮ ಎನ್ನುತ್ತಾರೆ. ಪಾರಸಿಯಿಂದ ಬಂದ ಮಾತು ಅದು. ಚಿರಾಗ್ ಎಂದರೆ ದೀಪ. ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಸಂಜೆ ಹೊತ್ತಿಗೆ ದೀಪ ಹಚ್ಚುವವರು ಯಾರೂ ಇಲ್ಲದ ಊರು.

ಆ ಮಾತು ನಮ್ಮ ಮನಸ್ಸಿನಲ್ಲಿ ನಾಟಿಕೊಂಡಿತು. ನಮ್ಮ ಹೊನ್ನೆಮಕ್ಕಿಗೆ ಆ ಹೆಸರು ಬಂದದ್ದು ಬೆಟ್ಟಿನ ತುದಿಯ ಹೊನ್ನೆ ಮರಗಳಿಂದ. ಆ ಮರದ ಬೀಜದಿಂದ ಎಣ್ಣೆ ತೆಗೆದು ಹಿಂದಿನವರು ದೀಪಕ್ಕೆ ಹಾಕುತ್ತಿದ್ದರು. ಅಜ್ಜಿ ಹೊನ್ನೆಎಣ್ಣೆಯ ದೀಪದ ಹೊಗೆಯನ್ನೂ ವಾಸನೆಯನ್ನೂ ವರ್ಣಿಸುತ್ತಿದ್ದರು. ನಮ್ಮ ಊರಿನಲ್ಲಿ ದೀಪವಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ. ದೀಪವಿಲ್ಲದ ಊರುಗಳಿಗೆ ಪಟ್ಟಿಯಲ್ಲಿ ಹೆಸರಿದೆ.

ಹೆಸರಿನಲ್ಲೇನಿದೆ, ಜನರಿಗೆ ಸೌಕರ್ಯ ಸಿಕ್ಕಿದರೆ ಸಾಲದೇ ಎಂದು ಕೇಳಬಹುದು. ಆದರೆ ಸೌಕರ್ಯವೂ ಪಟ್ಟಿ ಹಿಡಿದೇ ಬರುತ್ತದೆ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಎಂಬ ಹಳ್ಳಿಗೆ ವಿದ್ಯುತ್ತು ಬಂದಾಗ, ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ತು ಮುಟ್ಟಿತೆಂದು ಸರಕಾರ ಸಾರಿತು. ಅಲ್ಲಿ ಹಳ್ಳಿ ಎಂದದ್ದು ಗಣತಿಯ ಪಟ್ಟಿಯ ಹಳ್ಳಿ. ಆಗಿನ ನಿಯಮದಂತೆ ಒಂದು ಹಳ್ಳಿಯ ನೂರು ಮನೆಗಳಲ್ಲಿ ಹತ್ತಕ್ಕೆ, ಜೊತೆಗೆ ಶಾಲೆ ಪಂಚಾಯತಿಯಂಥ ಕಡೆಗೆ ವಿದ್ಯುತ್ತು ಬಂದಿದ್ದರೆ ಆ ಹಳ್ಳಿಗೆ ವಿದ್ಯುತ್ತು ಬಂದಂತೆ. ಗುಡ್ಡದಾಚೆಯ ಮಜರೆ ಕತ್ತಲಲ್ಲಿದ್ದರೂ ಸಾಲು ತುಂಬಿದಂತೆಯೇ. ಇದಕ್ಕೆ ಎದುರಾದ ಉದಾಹರಣೆಯೂ ಇದೆ. 2000ದ ಡಿಸೆಂಬರಿನಲ್ಲಿ ತೊಡಗಿದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಕಂದಾಯ ಗ್ರಾಮವನ್ನು ಬಿಟ್ಟು ಜನವಸತಿಯನ್ನೇ ಲೆಕ್ಕಕ್ಕೆ ಹಿಡಿದರು. ಬಯಲು ನಾಡಿನಲ್ಲಿ 500 ಜನ, ಗುಡ್ಡಗಾಡಿನಲ್ಲಿ 250 ಜನ ಒಂದೆಡೆ ನೆಲೆಸಿದ್ದರೆ ಆ ಮಜರೆಗೇ ರಸ್ತೆಯ ಹಕ್ಕು ಎಂದರು. ಯಾವುದನ್ನು ಊರು ಎಂದು ಕರೆಯುತ್ತೇವೆ ಎಂಬುದರ ಮೇಲೆ ರಸ್ತೆ ಎಲ್ಲಿಯವರೆಗೆ ಬರುತ್ತದೆಂಬುದು ನಿಲ್ಲುತ್ತದೆ.

ಈ ಮಾತಿನ ಪೂರ್ತಿ ತೂಕ ನಮಗೆ ತಿಳಿದದ್ದು ನಮ್ಮ ಊರಿನಿಂದಲ್ಲ. ಮೂರು ವರ್ಷದ ಹಿಂದೆ ರಾಜ್ಯೋತ್ಸವದ ದಿನ ಸಂಘದ ಊಟದ ಪಂಕ್ತಿಯಲ್ಲಿ ಕಲಬುರಗಿ ಕಡೆಯವರೊಬ್ಬರು ನಮ್ಮ ಪಕ್ಕ ಕೂತಿದ್ದರು. ಕಟ್ಟಡದ ಕೆಲಸಕ್ಕೆಂದು ಹುಡುಗನಾಗಿದ್ದಾಗ ಬಂದು ಈಗ ಸ್ವಂತ ಸಣ್ಣ ಗುತ್ತಿಗೆ ಹಿಡಿಯುವವರು. ತಾಂಡಾದವರು; ಮನೆಯಲ್ಲಿ ಲಂಬಾಣಿ, ಹೊರಗೆ ಕನ್ನಡ. ನಾವು ನಮ್ಮ ಹೊನ್ನೆಮಕ್ಕಿ ಪಟ್ಟಿಯಲ್ಲಿ ಸಿಗದ ಕಥೆಯನ್ನು ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳಿದೆವು. ಅವರು ಪೂರ್ತಿ ಕೇಳಿ, ಆಮೇಲೆ ಅಂದರು:

"ನಿಮಗ ಹೆಸರು ಸಿಗಲಿಲ್ಲಂತ ಬ್ಯಾಸರ ಆಗ್ಯದ, ಖರೇ ಅದ. ನಮಗ ಮನಿಗೇ ಕಾಗದ ಇದ್ದಿಲ್ರಿ. ನಮ್ಮಪ್ಪ ಕಟ್ಟಿದ ಮನಿ, ನಾವು ಹುಟ್ಟಿದ ಮನಿ. ಜಾಗಾ ಯಾರದು ಅಂತ ಕೇಳಿದ್ರ ಸುಮ್ನ ನಿಂದರಬೇಕಿತ್ತು."

ನಮ್ಮ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವರು ವಿವರಿಸಿದ್ದು ಹೀಗೆ. ತಾಂಡಾ ಕಂದಾಯ ಗ್ರಾಮವಲ್ಲವಾದ್ದರಿಂದ ಅದಕ್ಕೆ ಗಡಿಯಿಲ್ಲ, ಊರಿನ ನಿವೇಶನವೆಂದು ಗುರುತಾದ ಜಾಗವಿಲ್ಲ. ಮನೆಗಳು ನಿಂತ ನೆಲ ದಾಖಲೆಯಲ್ಲಿ ಇನ್ನಾರದೋ ಖಾಸಗಿ ಹೊಲ, ಇಲ್ಲವೇ ಸರಕಾರದ ಭೂಮಿ. ತಲೆಮಾರುಗಳಿಂದ ಬಾಳಿದರೂ ಮನೆಯ ಮೇಲೆ ಸಾಲ ಹುಟ್ಟದು, ಮಾರಲು ಬಾರದು, ಮಕ್ಕಳಿಗೆ ಪಾಲು ಬರೆಯಲು ಬಾರದು. ಗಣತಿಯವರು ಬಂದು ತಲೆ ಎಣಿಸಿಕೊಂಡು ಹೋಗುತ್ತಿದ್ದರು. ಆ ಎಣಿಕೆ ಎರಡು ಮೈಲಿ ದೂರದ ಮೂಲ ಗ್ರಾಮದ ಸಾಲಿಗೆ ಸೇರುತ್ತಿತ್ತು.

ಇದನ್ನು ಸರಿಪಡಿಸಲು ಕರ್ನಾಟಕ 2017ರಲ್ಲಿ ಭೂಸುಧಾರಣೆಯ ಕಾಯಿದೆಗೆ ತಿದ್ದುಪಡಿ ತಂದಿತು. ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪು ಮುಂತಾದ ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ, ವಾಸವಿರುವವರಿಗೇ ಮನೆಯ ಜಾಗದ ಹಕ್ಕು ಕೊಡುವ ದಾರಿ ಅದು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ಸುಮಾರು 1,475 ವಸತಿಗಳು ಹೊಸ ಕಂದಾಯ ಗ್ರಾಮಗಳೆಂದು ಘೋಷಣೆಯಾದವು. 2023ರ ಜನವರಿ 19ರಂದು ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಈ ಮಳಖೇಡ. 2025ರ ಮೇ 20ರಂದು ಹೊಸಪೇಟೆಯಲ್ಲಿ ಮತ್ತೆ 1,11,111 ಹಕ್ಕುಪತ್ರಗಳನ್ನು ಕೊಟ್ಟರು. ನಮ್ಮ ಪಂಕ್ತಿಯವರ ತಾಂಡಾವೂ ಹೊಸ ಗ್ರಾಮಗಳಲ್ಲಿ ಒಂದಾಗಿತ್ತು. ಅವರು ಮೊಬೈಲಿನಲ್ಲಿ ಹಕ್ಕುಪತ್ರದ ಚಿತ್ರ ತೋರಿಸಿದರು. ಅದರಲ್ಲಿ ಅವರ ತಾಯಿಯ ಹೆಸರು, ಅದರ ಕೆಳಗೆ ಗ್ರಾಮ ಎಂಬುದರ ಮುಂದೆ ಅವರ ತಾಂಡಾದ ಹೆಸರು. "ನಮ್ಮವ್ವಗ ಓದಾಕ ಬರಂಗಿಲ್ಲ. ಆದ್ರ ಈ ಎರಡು ಹೆಸರಿನ ಮ್ಯಾಲ ಬೆರಳಿಟ್ಟು ತೋರಸ್ತಾಳ" ಎಂದರು.

ಮನೆಗೆ ಬರುವಾಗ ಲೋಕಲ್ ಗಾಡಿಯಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ಹೆಸರು ಇಲ್ಲದಿರುವುದು ನಮಗೆ ಬರಿಯ ಮನಸ್ಸಿನ ಕೊರಗು. ಅವರಿಗೆ ಅದು ಕಾಲ ಕೆಳಗಿನ ನೆಲ. ಆದರೆ ಅವರ ಮಾತು ನಮ್ಮ ಕೊರಗನ್ನು ಸಣ್ಣದು ಮಾಡುವ ಬದಲು ಅದಕ್ಕೊಂದು ಅರ್ಥ ಕೊಟ್ಟಿತು. ಒಬ್ಬ ತಾಯಿ ಬೆರಳಿಟ್ಟು ತೋರಿಸುವ ಹೆಸರನ್ನು ನಾವು ನಮ್ಮ ತಂದೆಯ ಬಾಯಿಂದ ಬಂದಾಗ ಬೇಡವೆಂದು ತಳ್ಳಿಹಾಕಿದ್ದೆವು.

ಆ ಮೇಲೆ ನಾವು ಅಪ್ಪಯ್ಯನ ಜೀವನವನ್ನು ಲೆಕ್ಕ ಹಾಕಿ ನೋಡಿದೆವು. ಅವರು ಹುಟ್ಟಿದ್ದು 1938ರಲ್ಲಿ. ಆಗ ಹೊನ್ನೆಮಕ್ಕಿ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ 1ರಂದು ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆ ಒಡೆದು ಉಡುಪಿ ಜಿಲ್ಲೆಯಾಯಿತು. 2018ರಲ್ಲಿ ತಾಲ್ಲೂಕೂ ಬೇರೆಯಾಯಿತು. ಒಂದು ಮನುಷ್ಯನ ಆಯುಸ್ಸಿನಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಟ್ಟಿಯಲ್ಲಿದ್ದ ಹೆಸರುಗಳೆಲ್ಲ ಬದಲಾದವು. ಬದಲಾಗದೆ ಉಳಿದದ್ದು ಪಟ್ಟಿಯಲ್ಲಿಲ್ಲದ ಆ ಒಂದೇ ಹೆಸರು. ಅಪ್ಪಯ್ಯ ಅಂದು ಕೊಟ್ಟದ್ದು ಅದನ್ನೇ.

ಆ ಹಾಳೆಯನ್ನು ಇನ್ನು ತಿದ್ದುವಂತಿಲ್ಲ. 1948ರ ಜನಗಣತಿ ಕಾಯಿದೆಯ ಪ್ರಕಾರ ಒಬ್ಬೊಬ್ಬರ ವಿವರ ಗುಟ್ಟಿನದು. ಯಾರಿಗೂ ತೋರಿಸುವಂತಿಲ್ಲ, ನ್ಯಾಯಾಲಯದಲ್ಲೂ ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಅದು ಒಳ್ಳೆಯ ಕಾಯಿದೆ. ಆದರೆ ಅಪ್ಪಯ್ಯನ ಹೆಸರಿನ ಮುಂದೆ ನಮ್ಮ ಬಾಯಿಂದ ಬಂದ ಉಡುಪಿ ಎಂಬ ಸುಳ್ಳು ಹಾಗೆಯೇ ನಿಂತಿದೆ. ಉಡುಪಿಯ ಲೆಕ್ಕದಲ್ಲಿ ಒಬ್ಬ ಹೆಚ್ಚು, ನಮ್ಮ ಹಳ್ಳಿಯ ಲೆಕ್ಕದಲ್ಲಿ ಒಬ್ಬ ಕಡಿಮೆ. ನಮ್ಮಂತೆ ಎಷ್ಟು ಸಾವಿರ ಮನೆಗಳಲ್ಲಿ ಹೀಗೆ ದೊಡ್ಡ ಪಟ್ಟಣದ ಹೆಸರು ಬರೆಸಿರಬಹುದು! 2011ರಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರೇ ಸುಮಾರು 10 ಲಕ್ಷ ಮಂದಿ. ಅವರೂ ಅವರ ತಂದೆ ತಾಯಿಗಳೂ ಎಲ್ಲಿಂದ ಬಂದರು, ಯಾವ ಹಳ್ಳಿಗಳು ಖಾಲಿಯಾದವು ಎಂಬುದಕ್ಕೆ ನಮ್ಮ ಬಾಯಿಯ ಉತ್ತರವೇ ದಾಖಲೆ. ಅದನ್ನೇ ನಾವು ಸೌಕರ್ಯಕ್ಕೆ ತಕ್ಕಂತೆ ತಿರುಚಿಬಿಟ್ಟರೆ ಪಟ್ಟಿಯನ್ನು ದೂರುವ ಹಕ್ಕು ನಮಗೆಲ್ಲಿದೆ?

ಕಳೆದ ಬೇಸಗೆಯಲ್ಲಿ ಹೊನ್ನೆಮಕ್ಕಿಗೆ ಹೋಗಿದ್ದೆವು. ನಮ್ಮ ಚಿಕ್ಕಂದಿನಲ್ಲಿ ಹನ್ನೆರಡು ಮನೆ ಇದ್ದಲ್ಲಿ ಈಗ ಬೆಳಿಗ್ಗೆ ಹೊಗೆಯೇಳುವುದು ನಾಲ್ಕರಲ್ಲಿ. ಉಳಿದವರು ಮುಂಬಯಿ, ಬೆಂಗಳೂರು, ದುಬಾಯಿ. ಮಕ್ಕಿಗದ್ದೆಯಲ್ಲಿ ಗೇರುಗಿಡ ಎದ್ದಿದೆ. ಹೊನ್ನೆ ಮರ ಒಂದು ಉಳಿದಿದೆ. ಅಲ್ಲಿಯೇ ಇರುವ ದೊಡ್ಡಮ್ಮ ಸಂಜೆ ತುಳಸಿಕಟ್ಟೆಗೆ ದೀಪವಿಟ್ಟು ಬಂದು ಜಗಲಿಯಲ್ಲಿ ಕೂತರು. "ನಿಮ್ಮ್ ಮಕ್ಳಿಗೆ ಇಲ್ಲಿ ಹೆಸ್ರ್ ಗೊತ್ತಿತ್ತಾ?" ಎಂದು ಕೇಳಿದರು. ಇತ್ತು ಎಂದೆವು. ಪೂರಾ ನಿಜವಲ್ಲ.

ಆಗ ನಮಗೆ ಹೊಳೆದದ್ದೇ ಈ ಬರಹದ ಕಾರಣ. ಕಂದಾಯ ಗ್ರಾಮ ಖಾಲಿಯಾದರೆ ಬೇಚಿರಾಕ್ ಎಂದಾದರೂ ಅದಕ್ಕೆ ಒಂದು ಸಾಲು ಉಳಿಯುತ್ತದೆ. ಹತ್ತು ವರ್ಷಕ್ಕೊಮ್ಮೆ ಯಾರೋ ಒಬ್ಬರು ಅದರ ಹೆಸರನ್ನು ಓದುತ್ತಾರೆ. ಮಜರೆ ಖಾಲಿಯಾದರೆ ಅದೂ ಇಲ್ಲ. ಅಲ್ಲಿ ಜನರಿದ್ದರು ಎಂದು ಹೇಳುವುದಕ್ಕೆ ಅಲ್ಲಿಂದ ಹೊರಟು ಬಂದವರ ನೆನಪಲ್ಲದೆ ಬೇರೆ ದಾಖಲೆಯಿಲ್ಲ. ಹೊನ್ನೆಮಕ್ಕಿಯ ಕೊನೆಯ ನಾಲ್ಕು ಬಾಗಿಲು ಮುಚ್ಚಿದ ದಿನ ಅದರ ಪಟ್ಟಿ ಎಂದರೆ ನಾವೇ.

2021ರಲ್ಲಿ ಆಗಬೇಕಾಗಿದ್ದ ಗಣತಿ ಕೋವಿಡ್ಡಿನ ಕಾರಣದಿಂದ ಮುಂದೆ ಹೋಯಿತು. 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಗೊತ್ತುಮಾಡಿ 2025ರ ಜೂನ್ 16ರಂದು ಅಧಿಸೂಚನೆ ಹೊರಟಿತು. ಹಳ್ಳಿ, ತಾಲ್ಲೂಕು, ಜಿಲ್ಲೆಗಳ ಗಡಿಗಳನ್ನು ಆ ಗಣತಿಗಾಗಿ 2025ರ ಡಿಸೆಂಬರ 31ಕ್ಕೆ ಇದ್ದಂತೆ ನಿಲ್ಲಿಸುವುದೆಂದೂ ಗೊತ್ತಾಯಿತು. ಅಷ್ಟರೊಳಗೆ ಕಂದಾಯ ಗ್ರಾಮಗಳಾದ ತಾಂಡಾ, ಹಟ್ಟಿಗಳಿಗೆ ಅದರಲ್ಲಿ ತಮ್ಮದೇ ಸಾಲು ಸಿಗಬೇಕು. ನಮ್ಮ ಪಂಕ್ತಿಯವರ ತಾಯಿ ಆ ಸಾಲನ್ನೂ ಬೆರಳಿಟ್ಟು ತೋರಿಸುವಂತಾಗಲಿ. ನಮ್ಮ ಹೊನ್ನೆಮಕ್ಕಿ ಅಂಥ ಗ್ರಾಮವಾಗುವುದಿಲ್ಲ. ನಾಲ್ಕು ಮನೆಗೆ ಯಾರು ಗ್ರಾಮ ಮಾಡುತ್ತಾರೆ? ಅದನ್ನು ನಾವು ಕೇಳುವುದೂ ಇಲ್ಲ.

ನಾವು ಮಾಡಿಕೊಂಡ ಏರ್ಪಾಡು ಸಣ್ಣದು. ಒಂದು ನೋಟುಬುಕ್ಕು ತಂದು ಮೊದಲ ಪುಟದಲ್ಲಿ ಬರೆದೆವು: ಮಜರೆ, ಕಂದಾಯ ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ. ಆಮೇಲೆ ಹನ್ನೆರಡು ಮನೆಗಳ ಹೆಸರು, ಯಾವ ಮನೆಯವರು ಯಾವ ವರ್ಷ ಎಲ್ಲಿಗೆ ಹೋದರು ಎಂಬುದು. ಗದ್ದೆಗಳ ಹೆಸರುಗಳನ್ನು ದೊಡ್ಡಮ್ಮನಿಂದ ಕೇಳಿ ಬರೆದುಕೊಂಡೆವು, ಮೂವತ್ತಕ್ಕೂ ಮೇಲಾದವು. ಸಂಘದ ಸದಸ್ಯರಲ್ಲಿ ನಮ್ಮ ಕೋರಿಕೆಯೂ ಇಷ್ಟೇ. ಹಿರಿಯರು ಇರುವಾಗಲೇ ಪ್ರತಿ ಮನೆಯಲ್ಲೂ ಇಂಥದೊಂದು ಪುಟ ಬರೆದಿಡಿ. ನಿಮ್ಮ ಕಂದಾಯ ಗ್ರಾಮದ ಹೆಸರು ಯಾವುದೆಂದು ಒಂದು ಹಳೆಯ ಪಹಣಿ ತೆಗೆದು ನೋಡಿಟ್ಟುಕೊಳ್ಳಿ. ಗಣತಿಯವರು ಹುಟ್ಟಿದ ಹಳ್ಳಿ ಯಾವುದೆಂದು ಕೇಳಿದರೆ ಮಂಗಳೂರು, ಉಡುಪಿ, ಹುಬ್ಬಳ್ಳಿ ಎಂದು ಕೈತೊಳೆದುಕೊಳ್ಳಬೇಡಿ. ಹಳ್ಳಿಯ ಹೆಸರನ್ನೇ ಹೇಳಿ. ಎಲ್ಲ ಮನೆಗಳ ಪುಟಗಳನ್ನು ಸೇರಿಸಿ ಸಂಘದ ಗ್ರಂಥಾಲಯದಲ್ಲಿ ಒಂದು ಕಟ್ಟು ಇಟ್ಟರೆ, ಯಾವ ಸರಕಾರದ ಬಳಿಯೂ ಇಲ್ಲದ ಪಟ್ಟಿಯೊಂದು ನಮ್ಮ ಬಳಿ ಇರುತ್ತದೆ.

ನಮ್ಮ ನೋಟುಬುಕ್ಕಿನಲ್ಲಿ ಹುಡುಗಿ ತಾನಾಗಿ ಒಂದು ಸಾಲು ಸೇರಿಸಿದ್ದಾಳೆ. ಅಜ್ಜಯ್ಯನ ಹೆಸರು, ಹುಟ್ಟಿದ ವರ್ಷ 1938, ಹುಟ್ಟಿದ ಸ್ಥಳ ಹೊನ್ನೆಮಕ್ಕಿ. ಅವಳ ಕನ್ನಡದ ಅಕ್ಷರ ಇನ್ನೂ ಅಂಕುಡೊಂಕು. ಆದರೂ ಓದಬಹುದು.